ಹೊಳಪಿಲ್ಲದ ಗಡಿಯಾರ

ನಾನು ಒಂದು ಕೈಗಡಿಯಾರ. ಸ್ವಿಟ್ಜರ್ಲೆಂಡಿನ ಬೆಟ್ಟಗಳ ನಡುವೆ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ಉಕ್ಕಿನ ಮೈ, ಕೆನೆಬಣ್ಣದ ಮುಖ, ತೆಳ್ಳನೆಯ ಮುಳ್ಳುಗಳು. ತಾರೀಖು ತೋರಿಸುವ ಕಿಟಕಿಯೂ ನನಗಿಲ್ಲ. ಆದರೆ ಹೊಟ್ಟೆಯೊಳಗಿನ ಚಕ್ರಗಳನ್ನು ಬಹಳ ಅಚ್ಚುಕಟ್ಟಾಗಿ ಕೂರಿಸಿದ್ದರು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲರ ಕಣ್ಣೂ ಪಕ್ಕದ ಚಿನ್ನದ ಗಡಿಯಾರಗಳ ಮೇಲೆ. ನಾನು ಮಾತ್ರ ಬಂದವರನ್ನೆಲ್ಲ ನೋಡುತ್ತ, ಇವರೆಲ್ಲ ಎಲ್ಲಿಗೆ ಹೋಗುತ್ತಾರೋ ಎಂದು ಯೋಚಿಸುತ್ತಿದ್ದೆ.

ಕಡೆಗೆ ಹಡಗಿನ ಎಂಜಿನಿಯರ್ ಒಬ್ಬ ನನ್ನನ್ನು ಕೊಂಡ. ಅವನ ಹಡಗು ಕಾರವಾರಕ್ಕೆ ಬಂದಾಗ ಜ್ವರ ಏರಿ ಆಸ್ಪತ್ರೆ ಸೇರಿದ. ಅಲ್ಲಿ ಅವನನ್ನು ನೋಡಿಕೊಂಡವರು ನರ್ಸ್ ಇಂದುಮತಿ ನಾಯಕ. ಗುಣವಾಗಿ ಹೊರಡುವಾಗ ಅವನು ನನ್ನನ್ನು ಬಿಚ್ಚಿ ಆಕೆಯ ಕೈಯಲ್ಲಿಟ್ಟ. ಬೇಡವೆಂದರೂ ಕೇಳಲಿಲ್ಲ.

"ಇದೆಂತ ಮಾರಾಯ್ತಿ, ಗಂಡಸರ ವಾಚು!" ಎಂದು ಜೊತೆಯವರು ನಕ್ಕರು.

"ಸೆಕೆಂಡಿನ ಮುಳ್ಳು ಚಲೋ ಕಾಣ್ತದೆ. ನಾಡಿ ನೋಡೂಕೆ ಇನ್ನೆಂತ ಬೇಕು?" ಎಂದರು ಇಂದುಮತಿ.

ಒಂದು ಮಧ್ಯಾಹ್ನ ಸಮುದ್ರಕ್ಕೆ ಬಿದ್ದ ಮೀನುಗಾರ ಗಣಪಯ್ಯನನ್ನು ಹೊತ್ತು ತಂದರು. ತಂದವರೇ ಆಸೆ ಬಿಟ್ಟು ಅಳುತ್ತಿದ್ದರು. ಇಂದುಮತಿ ಅವನ ಕೊರಳಿಗೆ ಬೆರಳೊತ್ತಿ ನನ್ನನ್ನೇ ನೋಡಿದರು. ನನ್ನ ಮುಳ್ಳು ಓಡುತ್ತಿತ್ತು. ಬೆರಳಿಗೆ ಏನೂ ಸಿಗುತ್ತಿಲ್ಲವೆಂದು ಆಕೆಯ ಮುಖವೇ ಹೇಳುತ್ತಿತ್ತು. ಬರಿದನ್ನೇ ಎಣಿಸುತ್ತಿದ್ದೇನೋ ಎಂದು ನನಗೆ ಭಯವಾಯಿತು.

"ಅಳಬೇಡಿ, ತಡೀರಿ!" ಆಕೆ ಥಟ್ಟನೆ ಕೂಗಿದರು. "ಸಣ್ಣಗೆ ಹೊಡ್ಕೊಳ್ತಾ ಇದೆ. ಡಾಕ್ಟರನ್ನ ಕರೀರಿ!"

ಡಾಕ್ಟರು ಬರುವ ತನಕ ಅವನ ಬಾಯಿಗೆ ಬಾಯಿಟ್ಟು ಉಸಿರು ಊದಿದರು. ಗಣಪಯ್ಯ ಕೆಮ್ಮಿ ಕಣ್ಣು ಬಿಟ್ಟಾಗ ಆಕೆ ಗೋಡೆಗೊರಗಿ ಕುಳಿತುಬಿಟ್ಟರು. 

ನಿವೃತ್ತಿಯಾದ ಮೇಲೆ ಆಕೆ ನನ್ನನ್ನು ಅಣ್ಣನ ಮಗ ಸುಧಾಕರನಿಗೆ ಕೊಟ್ಟರು. ಹುಬ್ಬಳ್ಳಿಯಲ್ಲಿ ಅವನ ಗೆಳೆಯರು ನನ್ನನ್ನು ನೋಡಿ ಮೂಗು ಮುರಿದರು. ಅವನು ಕಾಸಿಮಸಾಬರ ವಾಚಿನ ಅಂಗಡಿಗೆ ನನ್ನನ್ನು ಕೊಟ್ಟು, ಬಂಗಾರದ ಬಣ್ಣದ್ದೊಂದನ್ನು ಕಟ್ಟಿಕೊಂಡು ಹೋದ. ಕೆಟ್ಟ ಗಡಿಯಾರಗಳಿದ್ದ ತಗಡಿನ ಡಬ್ಬಿಯಲ್ಲಿ ನಾನು ಬಹಳ ಕಾಲ ನಿಂತುಹೋಗಿದ್ದೆ.

ಡಬ್ಬಿಯಲ್ಲಿ ಕೈಯಾಡಿಸಿ ನನ್ನನ್ನು ಮೇಲೆತ್ತಿದವರು ಧಾರವಾಡದ ಮುಕ್ತಾ ಕುಲಕರ್ಣಿ. ಬ್ಯಾಂಕಿನ ಕೆಲಸದವರು, ಹಳೆಯ ಗಡಿಯಾರ ಕೂಡಿಸುವ ಹುಚ್ಚು. ಭೂತಗನ್ನಡಿ ಹಿಡಿದು ನನ್ನ ಒಳಗನ್ನು ಎಷ್ಟು ಹೊತ್ತು ನೋಡಿದರೆಂದರೆ ನನಗೇ ನಾಚಿಕೆಯಾಯಿತು.

"ಮುಖಕ್ಕ ಹೊಸಾ ಬಣ್ಣಾ ಹೊಡೆದು ಕೊಡ್ತೀನ್ರಿ ಮೇಡಮ್, ಪಳಪಳ ಹೊಳೀತೈತಿ," ಎಂದರು ಕಾಸಿಮಸಾಬರು.

ಆ ಮುಖ ಅಳಿಸಿದರೆ ನಾನು ಯಾರು?

"ಬ್ಯಾಡ್ರಿ. ಮುಖಾ ಇದ್ದಂಗ ಇರಲಿ. ಒಳಗಷ್ಟ ಸ್ವಚ್ಛ ಮಾಡ್ರಿ," ಎಂದರು ಮುಕ್ತಾ.

ಹೆಸರುವಾಸಿ ಗಡಿಯಾರಕ್ಕೆ ಕೊಡಬೇಕಾದ್ದರಲ್ಲಿ ಒಂದು ಚೂರು ಕೊಟ್ಟು ನನ್ನನ್ನು ಮನೆಗೆ ತಂದು, ಗಂಡ ಶಾಮರಾಯರಿಗೆ ತೋರಿಸಿದರು. "ಮತ್ತೊಂದು ಬಂತೇನು?" ಎಂದಷ್ಟೇ ಹೇಳಿ ಅವರು ಪೇಪರಿನೊಳಗೆ ಮುಖ ಹುದುಗಿಸಿದರು. ವರ್ಷಗಟ್ಟಲೆ ಹಾಗೆಯೇ. ಒಂದೇ ಮನೆಯಲ್ಲಿದ್ದೂ ಇವರಿಗೆ ನನ್ನ ಮೇಲೇಕೆ ಒಂದಿಷ್ಟೂ ಕುತೂಹಲವಿಲ್ಲ ಎಂದು ನನಗೆ ಅಚ್ಚರಿ.

ಈಗ ನನಗೂ ವಯಸ್ಸಾಗಿದೆ, ಮುಕ್ತಾ ಅವರಿಗೂ. ಅವರ ಬೆರಳುಗಳು ಸಂಧಿವಾತದಿಂದ ಸೆಟೆದಿವೆ. ನನಗೆ ಕೀಲಿ ಕೊಡುವ ಸಣ್ಣ ತಿರುಪು ಹಿಡಿಯಲು ಸಿಗುವುದಿಲ್ಲ. ಮೊನ್ನೆ ಬೆಳಿಗ್ಗೆ ಎರಡು ಸಲ ಜಾರಿತು. ಅವರು ನನ್ನನ್ನು ಮೇಜಿನ ಮೇಲಿಟ್ಟು ಬೆರಳು ನೀವಿಕೊಂಡರು. ಶಾಮರಾಯರು ಪೇಪರು ಮಡಚಿ ಎದ್ದು ಬಂದರು.

"ಕೊಡಿಲ್ಲೆ. ಎಷ್ಟು ತಿರುವಬೇಕು?"

"ಬಿಗಿ ಆಗೂತನಾ ತಿರುವ್ರಿ. ಆಮ್ಯಾಲ ಅದು ಬ್ಯಾಡ ಅಂತದ. ಗೊತ್ತಾಗ್ತದ."

ಒರಟು ಬೆರಳುಗಳು ಅಂಜುತ್ತಂಜುತ್ತ ತಿರುಗಿಸಿದವು. ನಾನು ಬಿಗಿಯಾದೆ. ಅವರು ಅಲ್ಲಿಗೇ ನಿಲ್ಲಿಸಿ, ನನ್ನನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದರು. ಆಮೇಲೆ ಹೆಂಡತಿಯ ಕೈಗೆ ಕಟ್ಟುತ್ತ ಕೇಳಿದರು:

"ನಾಳೆನೂ ಇದ ಹೊತ್ತಿಗೇನು?"