ಭಾನುವಾರದ ಸಂದರ್ಶನ

ನನ್ನ ಗಂಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಕುದಿಸುವವರು. ರೋಗಿಗಳ ಹೊದಿಕೆ, ಹಾಸಿಗೆಯ ಬಟ್ಟೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವೂ ಅವರ ಹಂಡೆಗೇ ಬರಬೇಕು. ಆ ಹಬೆಯಲ್ಲಿ, ಆ ಬ್ಲೀಚ್ ವಾಸನೆಯಲ್ಲಿ ಅವರ ಪ್ರಾಯ ಸವೆಯಿತು, ಎದೆಯೂ ಸವೆಯಿತು. ಪಕ್ಕದ ಕೋಣೆಯಲ್ಲಿ ಹರಿದ ಬಟ್ಟೆಗೆ ತೇಪೆ ಹಾಕುವವಳು ನಾನು. ಹೊಲಿಗೆ ಮಿಷನ್ ಎಷ್ಟೇ ಸದ್ದು ಮಾಡಲಿ, ಅವರ ಕೆಮ್ಮು ನನಗೆ ಕೇಳಿಸುತ್ತದೆ. ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು, "ನೀವು ಹಬೆ ಬಿಡಿ. ಇಲ್ಲಾಂದ್ರೆ ಅದು ನಿಮ್ಮನ್ನ ಬಿಡಲ್ಲ."

ಬಿಡುವುದಕ್ಕೆ ನಮಗೆ ಕಂಡದ್ದು ಒಂದೇ ದಾರಿ. ಲಾಂಡ್ರಿಯ ಮೂಲೆಯಲ್ಲಿ ಗಾಜಿನ ಕೋಣೆಯಿದೆ, ಮೇಲ್ವಿಚಾರಕರದ್ದು. ಒಳಗೆ ಕುರ್ಚಿ, ಫ್ಯಾನು, ಹೊರಗಿನ ಗಾಳಿ ಬರುವ ಕಿಟಕಿ. ಹಳೆಯ ಮೇಲ್ವಿಚಾರಕರು ನಿವೃತ್ತರಾದಾಗ ಲಾಂಡ್ರಿಯವರೆಲ್ಲ ನನ್ನ ಗಂಡನತ್ತಲೇ ನೋಡಿದರು. ನಾನಂತೂ ಆ ಕುರ್ಚಿಗೆ ದಿಂಬು ಕೂಡ ಹೊಲಿದಿಟ್ಟೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬಾರದು ಅಂತ ಗೊತ್ತಿದ್ದೂ ಹೊಲಿದೆ.

ಸಂದರ್ಶನ ಮಾಡಬೇಕಾದ ದೊಡ್ಡ ಸಾಹೇಬರು ಬೇರೆ ಊರಿನವರು. ಅವರಿಗೆ ಬಿಡುವು ಸಿಕ್ಕಿದ್ದು ಭಾನುವಾರ ಬೆಳಿಗ್ಗೆ, ಸರಿಯಾಗಿ ನಮ್ಮ ಚರ್ಚಿನ ಆರಾಧನೆಯ ಹೊತ್ತಿಗೆ. ಅದೂ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಭಾನುವಾರ. ನಮ್ಮ ಸಭೆಯಲ್ಲಿ ಪುಟ್ಟ ಲೋಟಗಳ ತಟ್ಟೆ ಹಿಡಿದು ಬೆಂಚಿಂದ ಬೆಂಚಿಗೆ ಹೋಗುವವರು ನನ್ನ ಗಂಡನೇ.

"ತಟ್ಟೆ ಇನ್ಯಾರಾದ್ರೂ ಹಿಡೀತಾರೆ. ನೀವು ಹೋಗಿ ಬಂದುಬಿಡಿ. ನಿಮ್ಮ ಎದೆ ಹೇಗಿದೆ ಅಂತ ದೇವರಿಗೆ ಗೊತ್ತಿಲ್ವಾ?" ಎಂದೆ.

"ಹಿರಿಯರನ್ನ ಒಂದು ಮಾತು ಕೇಳ್ತೀನಿ ಕಣೇ," ಎಂದರು. ಎಡವಿದ್ದು ಅಲ್ಲೇ.

ಸಭೆಯ ಹಿರಿಯರದ್ದು ಔಷಧಿ ಅಂಗಡಿ. ಯಾವ ಕಾಯಿಲೆಗಾದರೂ ಒಂದು ಮಾತ್ರೆ, ಯಾವ ಕಷ್ಟಕ್ಕಾದರೂ ಬೈಬಲಿನ ಒಂದು ವಾಕ್ಯ ಅವರ ಬಳಿ ತಯಾರಿರುತ್ತದೆ. "ಬ್ರದರ್, ಈ ಲೋಕದ ಸಾಹೇಬ ಕರೆದ ಅಂತ ಪರಲೋಕದ ಸಾಹೇಬನ್ನ ಕಾಯಿಸ್ತೀರಾ? ನೀವು ಆತನ ದಿನ ಕಾಪಾಡಿ, ನಿಮ್ಮ ಕೆಲಸ ಆತ ಕಾಪಾಡ್ತಾನೆ. ಸೋಮವಾರ ಹೋಗಿ ಕೇಳ್ಕೊಂಡ್ರಾಯ್ತು," ಎಂದರಂತೆ.

ನನ್ನ ಗಂಡ ಅದನ್ನು ದೇವರೇ ಹೇಳಿದ ಹಾಗೆ ತೆಗೆದುಕೊಂಡರು. ನಾನು ಕೂಗಾಡಿದೆ, ಅತ್ತೆ, ಆಮೇಲೆ ಸುಮ್ಮನಾದೆ. ನನಗೆ ನಂಬಿಕೆ ಅಂತ ಏನಾದರೂ ಇದ್ದರೆ ಅದು ಇವರ ಮುಖ ನೋಡಿ ಬಂದದ್ದು. ಇವರು ಇಷ್ಟು ನಂಬುತ್ತಾರಲ್ಲ, ಸುಳ್ಳಿರಲಿಕ್ಕಿಲ್ಲ ಅಂತ. ಭಾನುವಾರ ಇವರು ತಟ್ಟೆ ಹಿಡಿದು, ಕೆಮ್ಮು ಬಂದಾಗೆಲ್ಲ ಮುಖ ಆಚೆ ತಿರುಗಿಸುತ್ತ ನಡೆದರು. ನಾನು ಬಾಯಲ್ಲಿ ಹಾಡುತ್ತ ಗಡಿಯಾರ ನೋಡುತ್ತಿದ್ದೆ.

ಸೋಮವಾರ ಹೋಗಿ ಕೇಳಿದರೆ, ಆಯ್ಕೆ ಮುಗಿದಿತ್ತು. ಗಾಜಿನ ಕೋಣೆಯಲ್ಲಿ ಕೂತಿದ್ದವನು ಅಳಿಯ. ಹಿರಿಯರ ಮಗಳ ಗಂಡ. ಸಭೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವನನ್ನು ಅಳಿಯ ಅಂತಲೇ ಕರೆಯುವುದು. ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮೇಲಿದ್ದ. ಕೈ ಸುಡದ ಹಾಗೆ ಬಟ್ಟೆ ಒಳಗೆ ಬಿಡುವುದನ್ನು ಅವನಿಗೆ ಕಲಿಸಿದವರು ನನ್ನ ಗಂಡ. ಆ ಭಾನುವಾರ ಅವನು ಸಭೆಗೆ ಬಂದಿರಲಿಲ್ಲ. ಜ್ವರವಿರಬೇಕು ಅಂದುಕೊಂಡಿದ್ದೆವು.

ಕೆಮ್ಮಿನ ಔಷಧಿ ತರುವ ನೆಪದಲ್ಲಿ ಅಂಗಡಿಗೆ ಹೋದೆ. ಹಿರಿಯರು ನನ್ನ ಮುಖ ನೋಡಿದ್ದೇ ತಡ, "ದೇವರಾಣೆ ಅವನು ನನ್ನನ್ನ ಕೇಳಲೇ ಇಲ್ಲ ತಂಗಿ," ಎಂದರು. ಪಾಪ, ಅದು ಸುಳ್ಳಲ್ಲ. ಕೇಳದೆ ಹೋಗಿದ್ದೇ ಅವನ ಜಾಣತನ. "ಹುಡುಗು ಬುದ್ಧಿ. ನಂಬಿಕೆ ಇನ್ನೂ ಎಳಸು. ಆದ್ರೂ ಅವನ ಮೇಲೆ ದೇವರ ಕೃಪೆ ನೋಡು!"

"ಅಂದ್ರೆ ನಂಬಿಕೆ ಎಳಸಾಗಿದ್ರೆ ಕೆಲಸ, ಬಲಿತಿದ್ರೆ ಕೆಮ್ಮು. ಹಾಗೇನಾ ಹಿರಿಯರೇ?"

ಅವರು ಬಾಟಲಿಯನ್ನು ಕಾಗದದಲ್ಲಿ ಸುತ್ತತೊಡಗಿದರು. "ದೇವರ ಸಮಯ ನಮಗೆ ಅರ್ಥ ಆಗಲ್ಲ ತಂಗಿ. ಕಾಯ್ಬೇಕು."

"ಡಾಕ್ಟ್ರು ಹೇಳಿದ ಸಮಯ ಮಾತ್ರ ನಮಗೆ ಚೆನ್ನಾಗಿ ಅರ್ಥ ಆಗಿದೆ," ಎಂದು ಬಾಟಲಿ ಎತ್ತಿಕೊಂಡು ಬಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನಮ್ಮಲ್ಲಿ ಪೂಜಾರಿಗಳಿಲ್ಲ, ಹಿರಿಯರಿದ್ದಾರೆ.

ಮುಂದಿನ ಭಾನುವಾರ, ದೇವರು ಮಾಡಿದ ಉಪಕಾರಕ್ಕೆ ಒಬ್ಬೊಬ್ಬರಾಗಿ ಸಾಕ್ಷಿ ಹೇಳುವ ಹೊತ್ತಿಗೆ, ಅಳಿಯ ಎದ್ದು ನಿಂತ. ಅಯೋಗ್ಯನಾದ ತನ್ನನ್ನು ದೇವರು ಹೇಗೆ ಮೇಲಕ್ಕೆತ್ತಿದರು ಎಂದು ಹೇಳಿದ. ಅಯೋಗ್ಯ ಅನ್ನುವಲ್ಲಿಯವರೆಗೆ ನಾನೂ ಒಪ್ಪಿದೆ. ಎಲ್ಲರೂ "ಸ್ತೋತ್ರ" ಎಂದರು. ಅವನ ಕಣ್ಣು ನಮ್ಮ ಬೆಂಚಿನ ಕಡೆ ಒಮ್ಮೆಯೂ ತಿರುಗಲಿಲ್ಲ. ಆಗ ಹಿರಿಯರು, "ಇವನಿಗೆ ಕೆಲಸ ಕಲಿಸಿದ ನಮ್ಮ ಬ್ರದರೇ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ಲಿ," ಎಂದರು. ಅವರಿಗೆ ಅದು ದೊಡ್ಡ ಮನಸ್ಸಿನ ಮಾತಾಗಿ ಕಂಡಿರಬೇಕು.

ನಾನು ಗಂಡನ ಅಂಗಿಯ ತುದಿ ಹಿಡಿದೆ. "ಹೋಗ್ಬೇಡಿ. ಹೋಗಿ ಸಂತೋಷ ಸಂತೋಷ ಅಂತ ಹೇಳಿದ್ರೆ ನಾನು ಎದ್ದು ಹೋಗ್ತೀನಿ. ಮತ್ತೆ ಈ ಮೆಟ್ಟಿಲು ಹತ್ತಲ್ಲ." ಬಾಯಿಮಾತಿಗೆ ಹೇಳಿದ್ದಲ್ಲ. ಕೆಲಸ ಹೋಯಿತು, ಹೋಗಲಿ. ಇವರೂ ಈಗ ಕಣ್ಣು ಮುಚ್ಚಿಕೊಂಡು ಸುಳ್ಳು ಹೇಳಿದರೆ ನನಗೆ ನಂಬಲು ಏನೂ ಉಳಿಯುತ್ತಿರಲಿಲ್ಲ. ಇವರು ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದರು. ಬ್ಲೀಚಿಗೆ ಬಿಳುಚಿದ ಆ ಕೈಯನ್ನು ಅವನ ತಲೆಯ ಮೇಲಿಟ್ಟರು.

"ಕರ್ತನೇ," ಎಂದರು. "ಈ ಕೆಲಸ ನನಗೆ ಬೇಕಾಗಿತ್ತು. ನಿನ್ನ ದಿನ ಅಂತ ನಾನು ಹೋಗ್ಲಿಲ್ಲ. ಇವನು ಹೋದ, ಇವನಿಗೆ ಸಿಕ್ತು. ಇವನು ಕೆಟ್ಟವನಲ್ಲ, ಚೆನ್ನಾಗಿರ್ಲಿ. ಇವನ ಎದೆಗೆ ಏನೂ ಆಗದಿರ್ಲಿ. ಆದ್ರೆ ನನಗೆ ನಿನ್ನ ಮೇಲೆ ಸಿಟ್ಟಿದೆ. ನೀನು ಹೀಗೆ ಮಾಡ್ಬಾರದಾಗಿತ್ತು. ಇದನ್ನ ನಿನಗಲ್ಲದೆ ಇನ್ಯಾರಿಗೆ ಹೇಳ್ಲಿ? ನನಗೆ ಬೇರೆ ಯಾರೂ ಗೊತ್ತಿಲ್ಲ."

ಅಷ್ಟೇ. ಪ್ರಾರ್ಥನೆ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಹಿರಿಯರು ಕಣ್ಣು ತೆರೆದು ನೆಲ ನೋಡುತ್ತಿದ್ದರು. ಅಳಿಯ ತಲೆ ಎತ್ತಲಿಲ್ಲ. ಇಡೀ ಸಭೆಯಲ್ಲಿ ಒಬ್ಬರ ಬಾಯಿಂದಲೂ ಆಮೆನ್ ಹೊರಡಲಿಲ್ಲ. ಕೊನೆಗೆ ನಾನೇ ಎದ್ದು ನಿಂತು, ಬೀದಿಗೆ ಕೇಳುವ ಹಾಗೆ ಆಮೆನ್ ಎಂದೆ. ಭಕ್ತಿಯಿಂದಲ್ಲ, ಹೊಟ್ಟೆಯುರಿಯಿಂದ.

ಸೋಮವಾರ ಇವರು ಮತ್ತೆ ಹಬೆಯೊಳಗೆ ಹೋದರು. ಅಳಿಯ ಗಾಜಿನ ಬಾಗಿಲು ತೆರೆದು ಬಂದು, "ಅಣ್ಣಾ, ನಿಮ್ಮನ್ನ ಬಟ್ಟೆ ಮಡಿಸೋ ಕಡೆಗೆ, ಹಬೆ ಇಲ್ಲದಲ್ಲಿಗೆ ಹಾಕೋಕೆ ಮೇಲಿನವರನ್ನ ಕೇಳಿದ್ದೀನಿ," ಎಂದ. ಆಗಲಪ್ಪಾ ಎಂದರು ಇವರು. ಮೇಲಿನವರು ಇನ್ನೂ ಹೂಂ ಅಂದಿಲ್ಲ, ಉಹುಂ ಅಂತಲೂ ಅಂದಿಲ್ಲ.

ವಾರ ಕಳೆದು ಭಾನುವಾರ ಬಂತು. ಇವರು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆಯೇ, "ಬರ್ತೀಯಾ?" ಎಂದು ಕೇಳಿದರು.

"ಬರ್ತೀನಿ. ಅಷ್ಟು ಜನರ ಮುಂದೆ ಅಷ್ಟು ನೇರವಾಗಿ ಕೇಳಿದ್ದೀರಿ. ದೇವರು ಏನು ಉತ್ತರ ಕೊಡ್ತಾನೋ ನಾನೂ ನೋಡ್ಬೇಕಲ್ಲ," ಎಂದೆ.

ಇವರಿಗೆ ನಗು ಬಂತು. ನಗು ಕೆಮ್ಮಾಯಿತು. ಬೀದಿಯ ತಿರುವಿನವರೆಗೂ ಇವರ ಬೆನ್ನು ನೀವುತ್ತಲೇ ನಡೆದೆ, ಕೆಮ್ಮು ನಿಲ್ಲಲಿಲ್ಲ.