ನೀಲಿ ಅಂದದ್ದೇ ತಪ್ಪಾಯಿತು

ನಂದಿಗುಡಿಯಿಂದ ದಾವಣಗೆರೆಗೆ ಟೆಂಪೋ ಬಾಡಿಗೆ, ಅರ್ಧಕ್ಕೇ ನಿಂತ ನಾಟಿಯ ಕೂಲಿ, ಒಂದು ಸೇವಂತಿಗೆ ಹಾರ. ಇಷ್ಟೂ ಖರ್ಚಾದದ್ದು ನನ್ನ ತಮ್ಮ ರಮೇಶ ಫೋನಿನಲ್ಲಿ ಆಡಿದ ಒಂದು ಮಾತಿಗೆ.

ಅವನ ಹೆಂಡತಿ ಶಾಂತಲಾಗೆ ದಾವಣಗೆರೆ ಆಸ್ಪತ್ರೆಯಲ್ಲಿ ಎದೆಯ ಕ್ಯಾನ್ಸರ್ ಗಡ್ಡೆಯ ಆಪರೇಷನ್ ಇತ್ತು. ಹರಿಹರದಲ್ಲಿ ರವಿಕೆ ಹೊಲಿಯುವ ಅವಳಿಗೆ ಬಲಗೈಯದೇ ಚಿಂತೆ. ರೋಗ ಮೊದಲು ಹರಡುವ ಕಂಕುಳಿನ ಗಂಟುಗಳನ್ನೆಲ್ಲ ತೆಗೆದರೆ ಕೈ ಬಾತುಕೊಳ್ಳಬಹುದು. ಅದಕ್ಕೇ ಡಾಕ್ಟರು ನೀಲಿ ಬಣ್ಣ ಚುಚ್ಚಿ, ಬಣ್ಣ ಮೊದಲು ಸೇರುವ ಒಂದೆರಡು ಗಂಟು ಮಾತ್ರ ತೆಗೆದು ನೋಡುತ್ತೇವೆ, ಅವುಗಳಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ ಎಂದಿದ್ದರು.

ಆಪರೇಷನ್ ನಡೆದಿರುವಾಗಲೇ ನರ್ಸ್ ಫಕ್ರುನ್ನೀಸಾ ಸಿರಿಂಜಿನಲ್ಲಿ ರಕ್ತ ಹಿಡಿದು ಹೊರಗೋಡಿದಳು. ರಮೇಶ ಅಡ್ಡ ನಿಂತ.

"ಮೈ ನೀಲಿ ಆಗೈತ್ರಿ, ಆಕ್ಸಿಜನ್ ಎಂಬತ್ತೆಂಟು ತೋರಿಸ್ತೈತೆ. ದಾರಿ ಬಿಡ್ರಿ."

ಕೊರೋನಾ ಕಾಲದಲ್ಲಿ ಬೆರಳಿಗೆ ಕ್ಲಿಪ್ ಸಿಗಿಸಿಕೊಂಡು, ತೊಂಬತ್ತರ ಕೆಳಗೆ ಇಳಿದರೆ ಅಪಾಯ ಎಂದು ಕಲಿತವರು ನಾವು. ರಮೇಶ ಕೂಡಲೇ ನಂದಿಗುಡಿಯಲ್ಲಿದ್ದ ಮಾವ ಪಾಲಯ್ಯನಿಗೆ ಫೋನ್ ಹಚ್ಚಿದ. "ಮಾವಾ, ಶಾಂತಲಾನ ಮೈ ನೀಲಿ ಆಗೈತಂತೆ." ಗದ್ದೆಯಲ್ಲಿ ಹಾವು ತುಳಿದು ಬದುಕುವ ಊರು ಅದು. ಮೈ ನೀಲಿಯಾಯಿತೆಂದರೆ ಅಲ್ಲಿ ಜೀವ ಹೋಯಿತೆಂದೇ ಅರ್ಥ, ಮುಂದೆ ಕೇಳುವುದೇನೂ ಉಳಿಯುವುದಿಲ್ಲ.

ಇತ್ತ ರಮೇಶ ಆಪರೇಷನ್ ಕೋಣೆಯ ಬಾಗಿಲು ಬಡಿಯತೊಡಗಿದ. "ಆಪರೇಷನ್ ನಿಲ್ಲಿಸ್ರಿ, ಹುಬ್ಬಳ್ಳಿಗೆ ಒಯ್ತೀನಿ."

"ಕೊಯ್ದಿಟ್ಟಾಕಿನ ಬಸ್ಸಿನಾಗೆ ಕೂಡ್ರಿಸ್ತೀಯೇನೋ? ಸುಮ್ನೆ ಕೂಡು," ಎಂದು ತೋಳು ಹಿಡಿದೆಳೆದೆ.

ಫಕ್ರುನ್ನೀಸಾ ರಿಪೋರ್ಟ್ ಹಿಡಿದು ಬಂದಳು. "ಕ್ಲಿಪ್ಪು ಬೆರಳಿನಾಗೆ ಬೆಳಕು ಬಿಟ್ಟು ಲೆಕ್ಕ ಹಾಕ್ತೈತ್ರಿ. ಚುಚ್ಚಿದ ಬಣ್ಣ ರಕ್ತಕ್ಕೆ ಸೇರಿ ಆ ಬೆಳಕು ನುಂಗೈತೆ, ಅದಕ್ಕೇ ನಂಬರ್ ಇಳಿದೈತೆ. ರಕ್ತ ಟೆಸ್ಟ್ ಮಾಡಿಸಿದ್ವಿ, ಆಕ್ಸಿಜನ್ ಚಲೋ ಐತೆ."

"ಇದನ್ನ ಆಗ್ಲೇ ಹೇಳಬಾರದೇನವ್ವ?" ಎಂದೆ.

"ಓಡೋರಿಗೆ ಅಡ್ಡ ನಿಂತ್ರೆ ಅಷ್ಟೇ ಬಾಯಿಗೆ ಬರೋದು, ನೀಲಕ್ಕಾ."

ರಮೇಶ ಎಷ್ಟು ಸಲ ಫೋನ್ ಮಾಡಿದರೂ ಊರಲ್ಲಿ ಯಾರೂ ಎತ್ತಲಿಲ್ಲ. ಟೆಂಪೋದೊಳಗೆ ಅಳುವವರಿಗೆ ರಿಂಗ್ ಎಲ್ಲಿ ಕೇಳಬೇಕು? ಪಾಲಯ್ಯ ಹಾರ ಹಿಡಿದೇ ಆಸ್ಪತ್ರೆಗೆ ಬಂದ. ಮಗಳು ಚೆನ್ನಾಗಿದ್ದಾಳೆ ಎಂದು ಹೇಳಿ ಕೂಡಿಸಿದೆ.

"ಹಾರ ಏನು ಮಾಡೋದ್ರಿ, ಬೀಗರೇ?" ಎಂದು ಕೇಳಿದೆ.

"ನಿಮ್ಮ ತಮ್ಮಗೇ ಹಾಕ್ರಿ."

ಸಂಜೆ ಶಾಂತಲಾ ಕಣ್ಣು ಬಿಟ್ಟಳು. ಮುಖ ಇನ್ನೂ ಬೂದಿ ನೀಲಿ. ಮೊದಲು ಬಲಗೈ ಬೆರಳು ಮಡಚಿ ನೋಡಿಕೊಂಡಳು.

ಊರಲ್ಲಿ ನಾಟಿಗೆಂದು ಕಿತ್ತಿಟ್ಟಿದ್ದ ಭತ್ತದ ಸಸಿ ಬಾಡಿಹೋಯಿತು. ತೆಗೆದದ್ದು ಎರಡೇ ಗಂಟು, ಎರಡರಲ್ಲೂ ರೋಗವಿರಲಿಲ್ಲ. ಹೊಲಿಯುವ ಕೈ ಉಳಿಯಿತು.