ಒಳ್ಳೆಮೆಣಸಿನ ಕಾಳು

ದೇವರ ದೀಪ ಹಚ್ಚಲೆಂದು ವಿಷ್ಣುಮೂರ್ತಿ ಬೆಂಕಿಪೊಟ್ಟಣ ತೆರೆದರೆ ಒಳಗೆ ಕಡ್ಡಿಯ ಬದಲು ಬೇರೇನೋ ಇತ್ತು. ಬೂದು ಬಣ್ಣ, ಕಿರುಬೆರಳಿನ ಗಾತ್ರ, ಒಂದು ತುದಿ ಚೂಪು, ಮೈಗೆಲ್ಲ ಕೂದಲು ಅಂಟಿದ ಒಣ ತುಂಡು. ಹುಣಸೆಯ ನಾರಿರಬಹುದೆಂದು ಮೂಗಿನ ಹತ್ತಿರ ತಂದದ್ದೇ ಹಿಂದಿನಿಂದ ಮಗಳ ದನಿ ಬಂತು.

"ಪಪ್ಪಾ, ಹಾತ್ ಮತ್ ಲಗಾವೋ, ಮುಟ್ಬೇಡ. ಅದು ನನ್ನ ಸ್ಯಾಂಪಲ್. ನರೀದು."

"ನರೀದು ಅಂದ್ರೆ ಎಂತದ್ದು?"

"ಹಿಕ್ಕೆ. ಹಾಗೆ ಹೇಳ್ಬೇಕು ಅಂತ ಮಿಸ್ ಹೇಳಿದ್ರು."

ಅಡುಗೆಮನೆಯಿಂದ ಹೆಂಡತಿ ಶ್ರೀಮತಿ ತಲೆ ಹೊರಗೆ ಹಾಕಿದಳು. "ನಿಮ್ಮ ಅಮ್ಮ ಇರುವಾಗ ಈರುಳ್ಳಿ ಒಳಗೆ ತರ್ಲಿಕ್ಕೆ ಹೆದರ್ತಿದ್ದ ಮನೆ ಇದು. ಈಗ ದೇವರ ಹಲಗೆ ಮೇಲೆ ನರಿ ಹೇಲು."

ನಗಬೇಕಾದ ಮಾತು. ಆದರೆ ವಿಷ್ಣುಮೂರ್ತಿಯ ಕಿವಿಯಲ್ಲಿ ಉಳಿದದ್ದು 'ಮಿಸ್ ಹೇಳಿದ್ರು' ಎಂಬುದೊಂದೇ. ಹಿಂದಿನ ಸೋಮವಾರ ಹೊಟೇಲಿಗೆ ರಜೆಯಿದ್ದಾಗ, ಒಂದು ಊಟ ಮುಗಿಯುವಷ್ಟರಲ್ಲಿ ಆ ಮಾತು ಹನ್ನೊಂದು ಸಲ ಬಂದಿತ್ತು. ಅವನು ಅನ್ನ ಕಲಸುತ್ತಲೇ ಲೆಕ್ಕವಿಟ್ಟಿದ್ದ.

ಪ್ರಿಯಂವದಾಗೆ ಹನ್ನೆರಡು ವರ್ಷ. ಅಂದು ಭಾನುವಾರ, ಬೆಳಕು ಹರಿಯುವ ಮೊದಲೇ ಬೂಟು ಕಟ್ಟಿಕೊಂಡು ನಿಂತಿದ್ದಳು. ಸಾನಪಾಡಾದ ಅವರ ಬಿಲ್ಡಿಂಗಿನ ನೆಲಮಹಡಿಯಲ್ಲಿ ಪ್ರಫುಲ್ಲಾ ಮಿಸ್ ಒಬ್ಬರೇ ವಾಸವಾಗಿದ್ದರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಸೆಕ್ಟರಿನ ಹಿಂದೆ ರಸ್ತೆ ದಾಟಿದರೆ ಖಾಡಿ ಎನ್ನುವ ಸಮುದ್ರದ ಹಿನ್ನೀರು, ಅದರ ಉದ್ದಕ್ಕೂ ಉಪ್ಪುನೀರಿನ ಕಾಂಡ್ಲಾ ಕಾಡು. ಅಲ್ಲಿನ ಹಳೆಯ ಮಣ್ಣಿನ ಒಡ್ಡಿನ ಕೆಳಗೆ ನರಿಯೊಂದು ಬಿಲದಲ್ಲಿ ಎರಡು ಮರಿ ಹಾಕಿತ್ತು. ಮಿಸ್ಸೂ ಮಗಳೂ ಪ್ರತಿ ಭಾನುವಾರ ನೂರು ಹೆಜ್ಜೆ ದೂರ ಕುಳಿತು, ಒಂದೇ ದುರ್ಬೀನನ್ನು ಸರದಿಯ ಮೇಲೆ ಹಿಡಿದು, ಪಿಟ್ಟೆನ್ನದೆ ನೋಡಿ ಬರುತ್ತಿದ್ದರು. ನೂರು ಹೆಜ್ಜೆಯಲ್ಲಿ ಒಂದು ಹೆಜ್ಜೆಯೂ ಕಡಿಮೆ ಮಾಡಕೂಡದೆಂದು ಮಿಸ್ಸಿನ ಕಟ್ಟಪ್ಪಣೆ.

ಭಾನುವಾರ ಬೆಳಿಗ್ಗೆ ಅವನ ಹೊಟೇಲಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಬಾಗಿಲಲ್ಲಿ ಜನ ಕಾಯುತ್ತಿರುತ್ತಾರೆ. ಹದಿನೆಂಟು ವರ್ಷದಿಂದ ಬೆಳಗಿನ ಜಾವಕ್ಕೆದ್ದು ಒಲೆ ಹಚ್ಚಿದವನು. ಮಗಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟದ್ದೇ ನೇರ ಅಲ್ಲಿಗೆ ಬಂದು, ಗಲ್ಲಾದ ಪಕ್ಕದ ಮೂಲೆಯ ಮೇಜಿಗೆ ಕೂರುತ್ತಿದ್ದಳು. ಅವಳಿಗೆ ಪೊಂಗಲ್ ಇಷ್ಟ, ಅದರೊಳಗಿನ ಒಳ್ಳೆಮೆಣಸು ಆಗದು. ಅವನು ಗಿರಾಕಿಗಳನ್ನು ಬಿಟ್ಟು ಬಂದು ಕಾಳನ್ನೆಲ್ಲ ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗಿಡುತ್ತಿದ್ದ. ಕೊನೆಯ ಕಾಳು ಹೋಗುವವರೆಗೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ಈಗ ಶಾಲೆ ಬಿಟ್ಟರೆ ಮಿಸ್ಸಿನ ಮನೆ. ಅಲ್ಲಿ ತಿಂದ ಜೋಳದ ರೊಟ್ಟಿಯ ವರ್ಣನೆಯನ್ನು ಅವನೆದುರೇ ಮಾಡಿದ್ದಳು, ಇಡೀ ಸೆಕ್ಟರಿಗೆ ಬಡಿಸುವ ಅಪ್ಪನೆದುರು.

ಅಪ್ಪ ನರಿಯ ವಿಷಯವನ್ನೂ ಅವಳೇ ಹೇಳಿದ್ದಳು. ಮರಿಗಳಿಗೆ ಮೊದಲು ತಾಯಿಯ ಹಾಲು, ಆಮೇಲೆ ಅಪ್ಪ ಅಮ್ಮ ಇಬ್ಬರೂ ಬೇಟೆಯಾಡಿ ನುಂಗಿಕೊಂಡು ಬರುತ್ತವಂತೆ. ಮರಿಗಳು ಮೂತಿ ನೆಕ್ಕಿದರೆ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿ ತಿನಿಸುತ್ತವಂತೆ. ಅರಗದೆ ಉಳಿಯುವುದು ಕೂದಲು, ಏಡಿಯ ಚಿಪ್ಪು, ಬೋರೆಹಣ್ಣಿನ ಬೀಜ ಮಾತ್ರ. ಹಿಕ್ಕೆ ಬಿಡಿಸಿದರೆ ನರಿ ಎಲ್ಲಿ ಊಟ ಮಾಡಿತೆಂದು ಓದಬಹುದು. "ಅಪ್ಪ ನರಿ ದಿನಾ ಮನೆಗೆ ಬರ್ತದಾ ಹಾಗಾದ್ರೆ?" ಎಂದು ಅವನು ಕೇಳಿದ್ದಕ್ಕೆ, "ಹೋಟೆಲ್ ಥೋಡಿ ಹೈ ಉಸ್ಕಾ, ಅದಕ್ಕೆಂತ ಹೊಟೇಲ್ ಉಂಟಾ?" ಎಂದು ನಕ್ಕಿದ್ದಳು. ಹುಡುಗಿಯ ಮಾತು, ನಕ್ಕು ಬಿಡಬೇಕಾದದ್ದು. ಅದು ಅವನ ಎದೆಯಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಮೀನು ತಿನ್ನದವನಿಗೆ ಅದನ್ನು ತೆಗೆಯುವ ಉಪಾಯವೂ ಗೊತ್ತಿರಲಿಲ್ಲ.

ಆ ಭಾನುವಾರ ಅವಳು ಕೆಳಗಿಳಿದು ಹೋದ ಮೇಲೆ ಮೇಜಿನ ಮೇಲಿದ್ದ ಅವಳ ನರಿ ಪುಸ್ತಕ ತೆರೆದ. ಒಡ್ಡು, ಮುರಿದ ತೂಬು, ಬಾಗಿದ ಕಾಂಡ್ಲಾ ಮರ, ಅದರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಬಿಲ. ನಕಾಶೆ ಅಚ್ಚುಕಟ್ಟಾಗಿತ್ತು.

ಮರುದಿನ ಕತ್ತಲಲ್ಲೇ ಅವನು ಹೊಟೇಲಿನಲ್ಲಿ ಉಳಿದ ಪೊಂಗಲನ್ನು ಡಬ್ಬಿಗೆ ತುಂಬಿಕೊಂಡು ಒಡ್ಡಿನ ಮೇಲೆ ನಡೆದ. ನೂರು ಹೆಜ್ಜೆ ಮಿಸ್ಸಿಗಿರಲಿ; ಅವನು ಬಿಲದಿಂದ ಮೂವತ್ತು ಹೆಜ್ಜೆಯಲ್ಲಿ ನಿಂತ. ಬರಿ ನೆಲಕ್ಕೆ ಬಡಿಸಲು ಕೈ ಬರಲಿಲ್ಲ. ಬಾಳೆಲೆಯ ತುಂಡು ಹಾಸಿ, ಮೇಲೆ ಪೊಂಗಲ್ ಸುರಿದ. ಒಮ್ಮೆ ತನ್ನ ಎಲೆಯಲ್ಲಿ ಉಂಡವನು ಮತ್ತೆ ಬಂದೇ ಬರುತ್ತಾನೆಂಬುದು ಅವನ ಕಸುಬಿನ ನಂಬಿಕೆ. ಹತ್ತು ದಿನ ಅಭ್ಯಾಸವಾಗಲಿ, ಆಮೇಲೆ ಮಗಳ ಕೈ ಹಿಡಿದು ತಂದು, ದುರ್ಬೀನಿಲ್ಲದೆ, ಮೀಸೆಯ ಕೂದಲು ಎಣಿಸುವಷ್ಟು ಹತ್ತಿರದಿಂದ ತೋರಿಸಬೇಕು.

ಮೂರನೆಯ ದಿನ ನರಿ ಬಂತು. ಅವನೆಣಿಸಿದ್ದಕ್ಕಿಂತ ಚಿಕ್ಕದು, ಕಡ್ಡಿಯಂಥ ಕಾಲು, ಬೆನ್ನ ಮೇಲೆ ಮಾಸಿದ ಹೊನ್ನಿನ ಬಣ್ಣ. ಎಲೆಯನ್ನು ಮೂಸಿತು, ಅವನನ್ನು ನೋಡಿತು, ತಿಂದಿತು. ಪೊಂಗಲಿನ ತುಪ್ಪ ಮೂತಿಗೆ ಹತ್ತಿದ್ದನ್ನು ನೆಕ್ಕಿಕೊಂಡು ಬಿಲದ ಕಡೆಗೆ ನಡೆಯಿತು. ಅಂದು ಹೊಟೇಲಿನಲ್ಲಿ ವಿಷ್ಣುಮೂರ್ತಿ ಯಾರನ್ನೂ ಗದರದೆ ಇದ್ದದ್ದು ಕಂಡು ದೋಸೆ ಹೊಯ್ಯುವ ಶಂಭು ಕೇಳಿಯೇಬಿಟ್ಟ: "ಎಂತ ಭಟ್ರೇ, ಇವತ್ತು ನರಿ ಮುಖ ನೋಡಿ ಎದ್ದದ್ದಾ?"

"ಹೌದು ಮಾರಾಯ" ಎಂದ ಅವನು, ನಿಜವನ್ನೇ.

ಐದನೆಯ ದಿನ ಎಲೆಯ ಹತ್ತಿರ ರಸ್ತೆಯ ಎರಡು ನಾಯಿಗಳಿದ್ದವು. ಕಲ್ಲು ಹೊಡೆದು ಓಡಿಸಿದ. ಏಳನೆಯ ದಿನ ಐದಾದವು. ಇನ್ನು ಬಿಡಬೇಕೆಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಹಿಂದಿನ ಸಂಜೆ ಮಗಳು ಮಿಸ್ಸಿನ ಮನೆಯಿಂದ ಕೆಂಪು ಕಾರದ ಗುರೆಳ್ಳು ಚಟ್ನಿಯ ಬಾಟಲಿ ತಂದು ಅವನ ಚಟ್ನಿಯ ಪಕ್ಕಕ್ಕೇ ಇಟ್ಟಿದ್ದಳು. ಮರುದಿನ ಅವನು ಎಲೆಗೆ ಎರಡು ಪಾಲು ಬಡಿಸಿದ, ನಾಯಿ ತಿಂದೂ ನರಿಗೆ ಉಳಿಯಲೆಂದು.

ನಡುವಿನ ಭಾನುವಾರ ಶಾಲೆಯ ಕಾರ್ಯಕ್ರಮವಿದ್ದು ಮಿಸ್ಸೂ ಮಗಳೂ ಒಡ್ಡಿಗೆ ಹೋಗಿರಲಿಲ್ಲ. ಎರಡನೆಯ ಭಾನುವಾರಕ್ಕೆ ಹೊಟೇಲನ್ನು ಶಂಭುವಿನ ತಲೆಗೆ ಕಟ್ಟಿ, ತಾನೂ ಬರುತ್ತೇನೆಂದು ಅವನು ಕೆಳಗಿಳಿದ. ಮಗಳು ನಂಬದೆ ಎರಡು ಸಲ ತಿರುಗಿ ನೋಡಿದಳು. ಮಿಸ್ ಬಾಗಿಲಿಗೆ ಬೀಗ ಹಾಕುತ್ತ ನಕ್ಕರು.

"ಬರ್ರಿ ಭಟ್ರ, ಛಲೋ ಆತು. ದಿನಾ ನಿಮ್ಮ ಸುದ್ದಿನ ಹೇಳ್ತಿರ್ತಾಳ ಈಕಿ. ನಮ್ಮಪ್ಪ ಹಂಗ, ನಮ್ಮಪ್ಪ ಹಿಂಗ ಅಂತ. ಕೇಳಿ ಕೇಳಿ ನನಗ ನಿಮ್ಮ ಮ್ಯಾಲ ಹೊಟ್ಟೆಕಿಚ್ಚು ಬಂದೈತಿ."

ರಸ್ತೆ ದಾಟುವಾಗ ಮಗಳು ಅವನ ಅಂಗಿಯ ತುದಿ ಹಿಡಿದುಕೊಂಡಳು, ಚಿಕ್ಕವಳಿದ್ದಾಗಿನಂತೆ.

ನೂರು ಹೆಜ್ಜೆಯಲ್ಲಿ ಅರ್ಧ ಗಂಟೆ ಕುಳಿತರು. ದುರ್ಬೀನು ಕೈಯಿಂದ ಕೈಗೆ ಹೋಯಿತು. ಬಿಲದ ಬಾಯಿ ಮೊದಲಿನಂತಿಲ್ಲವೆಂದು ಪ್ರಿಯಂವದಾ ಪಿಸುಗುಟ್ಟಿದಳು. ಕೊನೆಗೆ ಮಿಸ್ ತಮ್ಮ ಕಟ್ಟಪ್ಪಣೆಯನ್ನು ತಾವೇ ಮುರಿದು ಎದ್ದು ನಡೆದರು.

ಬಿಲದ ಬಾಯಿ ಕೆದರಿ ಅಗಲವಾಗಿತ್ತು. ಒದ್ದೆ ಮಣ್ಣಿನ ತುಂಬ ಹೆಜ್ಜೆ ಗುರುತು, ದೊಡ್ಡವು, ಒಂದರ ಮೇಲೊಂದು. ಒಂದು ಕಡೆ ಮುಷ್ಟಿಯಷ್ಟು ಮೆತ್ತನೆಯ ಕಂದು ಕೂದಲು. ಮಿಸ್ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ನಾಯಿ" ಎಂದರು. "ತಾಯಿ ಮರೀನ್ನ ಬಾಯಾಗ ಹಿಡಿದು ಒಂದೊಂದ ಸಾಗಸ್ತಾಳ. ಒಂದನ್ನ ಒಯ್ದಿರಬೇಕು. ಇನ್ನೊಂದು..." ಮಾತು ಅಲ್ಲಿಗೇ ಬಿಟ್ಟು, ಒಡ್ಡಿನ ಮೇಲೆ ಅಲ್ಲಲ್ಲಿ ಒಣಗಿ ಮುದುಡಿದ ಬಾಳೆಲೆಯ ಚೂರುಗಳನ್ನು ಆರಿಸಿದರು. "ಯಾರೋ ಪುಣ್ಯಾತ್ಮರು ಊಟಕ್ಕ ಹಾಕ್ಯಾರ ನೋಡ್ರಿ. ಅನ್ನದ ವಾಸನಿಗೆ ಇಷ್ಟು ನಾಯಿ ಬಂದಾವ. ಕೆಟ್ಟದ್ದು ಮಾಡಬೇಕಂತ ಯಾರೂ ಮಾಡಂಗಿಲ್ಲ ಬಿಡ್ರಿ."

ವಿಷ್ಣುಮೂರ್ತಿ ಖಾಡಿಯ ನೀರನ್ನು ನೋಡುತ್ತಿದ್ದ. ಈಗ ಹೇಳಿಬಿಡಬೇಕು. ಮಗಳು ಅಂಗಿ ಹಿಡಿದದ್ದು ನೆನಪಾಯಿತು; ಅಂಗಿಯ ತುದಿಯನ್ನು ಕೆಳಗೆಳೆದು ನೇರ ಮಾಡಿಕೊಂಡ.

ಪ್ರಿಯಂವದಾ ಅಳಲಿಲ್ಲ. ತೂಬಿನ ಕಲ್ಲಿನ ಮೇಲೆ ಒಂದು ಹಿಕ್ಕೆ ಕಂಡಿತ್ತು. ಕಾಗದ ಹಾಸಿ, ಚಿಮಟದಿಂದ ಅದನ್ನು ಬಿಡಿಸಿದಳು. ಏಡಿಯ ಚಿಪ್ಪು. ಇಲಿಯ ಕೂದಲು. ಆಮೇಲೆ ಉಬ್ಬಿದ, ಸುಕ್ಕುಗಟ್ಟಿದ, ಕಪ್ಪನೆಯ ದುಂಡು ಕಾಳು, ಒಂದು, ಎರಡು, ಮೂರು. ಅವುಗಳ ಪಕ್ಕ ಕರಿಬೇವಿನ ಒಂದು ಎಲೆ, ನರ ಸಮೇತ ಇಡಿಯಾಗಿ.

ಚಿಮಟ ನಿಂತಿತು. ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ಮುಖವನ್ನಲ್ಲ, ಕೈಯನ್ನು, ಬಲಗೈಯ ಹೆಬ್ಬೆರಳು ತೋರುಬೆರಳನ್ನು.

"ಏನ್ ಸಿಕ್ಕೈತಿ, ಪುಟ್ಟಿ?" ಮಿಸ್ ದೂರದಿಂದ ಕೇಳಿದರು. ಕನ್ನಡಕ ಕೊರಳಲ್ಲಿ ತೂಗುತ್ತಿತ್ತು.

"ಬೀಜ, ಮಿಸ್." ಅವಳು ಎಲೆಯನ್ನು ಬೆರಳಿನಿಂದ ಕೆಸರಿಗೆ ಒತ್ತಿದಳು. "ಯಾವುದು ಅಂತ ಗೊತ್ತಿಲ್ಲ." ಮೂರು ಕಾಳನ್ನೂ ಬೆಂಕಿಪೊಟ್ಟಣಕ್ಕೆ ಹಾಕಿ ಮುಚ್ಚಿದಳು. ಪ್ರತಿ ಪೊಟ್ಟಣದ ಮೇಲೂ ತಾರೀಕು, ಜಾಗ, ಒಳಗಿರುವುದರ ಹೆಸರು ಬರೆಯುವ ಹುಡುಗಿ ಇದರ ಮೇಲೆ ತಾರೀಕು ಮಾತ್ರ ಬರೆದಳು.

ಮರಳಿ ಬರುವಾಗ ರಸ್ತೆಯನ್ನು ಅವಳು ಒಬ್ಬಳೇ ದಾಟಿದಳು.

ಅಂದು ಮಧ್ಯಾಹ್ನ ಮೂರರ ಸುಮಾರಿಗೆ, ಹೊಟೇಲು ಖಾಲಿಯಾಗಿದ್ದಾಗ, ಪ್ರಿಯಂವದಾ ಬಂದಳು. ಎಷ್ಟೋ ತಿಂಗಳ ಮೇಲೆ ಮೂಲೆಯ ಅದೇ ಮೇಜಿಗೆ ಕುಳಿತಳು. ಪೊಂಗಲ್ ಬೇಕೆಂದು ಶಂಭುವಿಗೆ ಹೇಳಿದಳು. ವಿಷ್ಣುಮೂರ್ತಿ ಗಲ್ಲಾ ಬಿಟ್ಟು ಎದ್ದು ಬಂದು ಎದುರಿಗೆ ಕುಳಿತ. ತಟ್ಟೆ ಬಂದದ್ದೇ, ಹಳೆಯ ರೂಢಿಯಿಂದ, ಅವನ ಎರಡು ಬೆರಳು ತಾವಾಗಿ ಮುಂದೆ ಹೋದವು.

ಅವಳು ತಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ತಲೆ ತಗ್ಗಿಸಿ, ಬಿಸಿ ಪೊಂಗಲಿನೊಳಗೆ ಬೆರಳಾಡಿಸಿ, ಮೆಣಸಿನ ಕಾಳುಗಳನ್ನು ತಾನೇ ಹೆಕ್ಕಿ ಅಂಚಿನಲ್ಲಿ ಸಾಲಾಗಿ ಇಡತೊಡಗಿದಳು. ಒಂದು. ಎರಡು. ಮೂರು. ಅವನ ಕೈ ಮೇಜಿನ ನಡುವೆ ಹಾಗೇ ಇತ್ತು.